ನಿಮ್ಮ ತಾಲ್ಲೂಕಿನ ಗವಿ, ನಿಮ್ಮ ಹೆಸರಿನ ದಾಖಲೆ: ಲಾಳಮೂಗಿನ ಬಾವಲಿ ಗುರುತಿಸಲು 12 ಸೂತ್ರಗಳು

ಹಾಸನದ ಯಾವ ಪುಸ್ತಕದಂಗಡಿಗೆ ಹೋದರೂ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಗೈಡ್‌ಗಳು ಎದೆಮಟ್ಟಕ್ಕೆ ಪೇರಿಕೊಂಡಿವೆ. ಒಂದೊಂದು ಹುದ್ದೆಗೂ ಸಾವಿರಾರು ಅರ್ಜಿ. ಓದಿ, ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಕ್ಯೂ ಇಲ್ಲದ ಒಂದು ಕೌಂಟರ್ ನಿಮ್ಮ ಊರ ಬೆಟ್ಟದಲ್ಲೇ ಇದೆ. ಗವಿಯ ಚಾವಣಿಗೆ ಜೋತುಬಿದ್ದು, ರೆಕ್ಕೆಯನ್ನೇ ಕಂಬಳಿಯಂತೆ ಹೊದ್ದು ಮಲಗಿರುವ ಲಾಳಮೂಗಿನ ಬಾವಲಿಯನ್ನು ಸರಿಯಾಗಿ ಗುರುತಿಸಿ ಸರಿಯಾಗಿ ಬರೆಯುವವರು ನಮ್ಮಲ್ಲಿ ಬೆರಳೆಣಿಕೆ. ನೀವು ಹಾಸನದ ಬಿಎಸ್ಸಿ ವಿದ್ಯಾರ್ಥಿಯಾಗಿರಿ, ಹೊಳೆನರಸೀಪುರದ ಬ್ಯಾಂಕ್ ನೌಕರರಾಗಿರಿ, ಅರಕಲಗೂಡಿನ ಗಸ್ತು ಅರಣ್ಯ ಪಾಲಕರಾಗಿರಿ, ಚನ್ನರಾಯಪಟ್ಟಣದ ಹೈಸ್ಕೂಲ್ ಮೇಷ್ಟ್ರಾಗಿರಿ, ಸೂತ್ರ ಒಂದೇ. ಶುರು ಮಾಡಿ.

1. ಒಂದೇ ಕುಲ ಹಿಡಿಯಿರಿ

ಭಾರತದಲ್ಲಿ ನೂರಕ್ಕೂ ಮಿಕ್ಕಿ ಬಾವಲಿ ಪ್ರಭೇದಗಳಿವೆ. ಎಲ್ಲವನ್ನೂ ಕಲಿಯಲು ಹೊರಟವರು ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ನೀವು ರೈನೋಲೋಫಸ್ ಕುಲ ಒಂದನ್ನೇ ಹಿಡಿಯಿರಿ. ದಕ್ಷಿಣ ಕರ್ನಾಟಕದಲ್ಲಿ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಹೆಸರು ನಾಲ್ಕೇ: ರೂಕ್ಸಿ, ಇಂಡೋರೂಕ್ಸಿ, ಬೆಡ್ಡೋಮಿ, ಲೆಪಿಡಸ್. ನಾಲ್ಕು ಹೆಸರು ಬಾಯಿಪಾಠ ಮಾಡಲು ಹಾಸನದಿಂದ ಹೊಳೆನರಸೀಪುರದವರೆಗಿನ ಬಸ್ ಪ್ರಯಾಣ ಸಾಕು.

'ನಾನು ಸೈಂಟಿಸ್ಟ್ ಅಲ್ಲವಲ್ಲ' ಎಂಬ ಮಾತು ಇಲ್ಲಿಗೇ ಬಿಡಿ. ಬೆಡ್ಡೋಮಿ ಎಂಬ ಹೆಸರು ಯಾರದು ಗೊತ್ತೇ? ಮದರಾಸು ಪ್ರಾಂತ್ಯದ ಸೇನಾಧಿಕಾರಿ, ಆಮೇಲೆ ಅಲ್ಲಿನ ಅರಣ್ಯ ಇಲಾಖೆಯ ನೌಕರ ರಿಚರ್ಡ್ ಹೆನ್ರಿ ಬೆಡ್ಡೋಮ್ ಅವರದು. ಸರ್ಕಾರಿ ಸಂಬಳ ಎಣಿಸುತ್ತಲೇ ಗಿಡ, ಹಾವು, ಕಪ್ಪೆಗಳ ಬೆನ್ನು ಹತ್ತಿದ ಮನುಷ್ಯ.

2. ಮೂಗು ಓದಲು ಕಲಿಯಿರಿ

ಈ ಬಾವಲಿಗೆ ಮೂಗೇ ಆಧಾರ್ ಕಾರ್ಡ್. ಮೂಗಿನ ಹೊಳ್ಳೆಗಳ ಸುತ್ತ ಕುದುರೆಯ ಲಾಳ ಬಡಿದಂತೆ ಒಂದು ಚರ್ಮದ ಪಟ್ಟಿ. ಅದರ ನಡುವೆ ಮುಂದಕ್ಕೆ ಚಾಚಿದ ಪುಟ್ಟ ಮಡಿಕೆ. ಇದಕ್ಕೆ ಸೆಲ್ಲಾ ಎನ್ನುತ್ತಾರೆ. ಮೇಲೆ ಹಣೆಯ ಕಡೆಗೆ ಈಟಿಯಂತೆ ಚೂಪಾದ ತುದಿ. ಈ ಮೂರೂ ಇದ್ದರೆ ಲಾಳಮೂಗಿನದು. ಸೆಲ್ಲಾ ಇಲ್ಲ, ಹಣೆಯ ಕಡೆ ಚೂಪು ಬದಲು ಅಡ್ಡಡ್ಡ ದುಂಡು ಪಟ್ಟಿ ಇದೆ ಎಂದರೆ ಅದು ಪಕ್ಕದ ಮನೆಯದು, ಎಲೆಮೂಗಿನ ಹಿಪ್ಪೊಸಿಡೆರಸ್. ಒಂದೇ ಗವಿಯಲ್ಲಿ ಎರಡೂ ಸಂಸಾರ ಹೂಡಿರುವುದು ಮಾಮೂಲು. ಹೊಸಬರು ಎಡವುವುದು ಬಹುಪಾಲು ಇಲ್ಲೇ.

ಇನ್ನೂ ಹತ್ತಿರದಿಂದ ನೋಡಿ. ಸೆಲ್ಲಾವನ್ನು ಈಟಿಗೆ ಜೋಡಿಸುವ ಒಂದು ಸಣ್ಣ ದಿಬ್ಬವಿದೆ. ಪಕ್ಕದಿಂದ ಫೋಟೊ ತೆಗೆದರೆ ರೂಕ್ಸಿಯಲ್ಲಿ ಅದು ದುಂಡಗೆ, ಲೆಪಿಡಸ್‌ನಲ್ಲಿ ಮೊನಚಾಗಿ ಕಾಣುತ್ತದೆ. ಬೆಡ್ಡೋಮಿಯಲ್ಲಿ ಸೆಲ್ಲಾದ ಬುಡದಲ್ಲಿ ಎರಡು ಪುಟ್ಟ ಕಿವಿಯಂಥ ಚಾಚುಗಳು, ಮೈತುಂಬ ಕಂಬಳಿಯಂಥ ಒತ್ತಾದ ಕೂದಲು. ಆದ್ದರಿಂದ ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಬೇಕೇಬೇಕು. ಬರೀ ಎದುರಿನ ಫೋಟೊ ಎಂದರೆ ಅರ್ಧ ಅರ್ಜಿ ತುಂಬಿದಂತೆ.

3. ಬಣ್ಣ ನಂಬಬೇಡಿ

ರೂಕ್ಸಿಗೆ ಇಂಗ್ಲಿಷಿನ ಹೆಸರೇ ಕೆಂಚು ಬಣ್ಣದ್ದು. ಹಾಗಂತ ಕೆಂಪಗಿದ್ದರೆ ಮಾತ್ರ ರೂಕ್ಸಿ ಎಂದುಕೊಂಡರೆ ಕೆಟ್ಟಿರಿ. ಒಂದೇ ಗುಂಪಿನಲ್ಲಿ ಬೂದುಗಂದು ಮೈಯವೂ ಇಟ್ಟಿಗೆ ಬಣ್ಣದವೂ ಇರುತ್ತವೆ. ನಂಬಬೇಕಾದದ್ದು ಅಳತೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂದೋಳು ಲೆಪಿಡಸ್‌ಗೆ ಸುಮಾರು 37ರಿಂದ 42 ಮಿ.ಮೀ., ರೂಕ್ಸಿಗೆ 44ರಿಂದ 52, ಬೆಡ್ಡೋಮಿಗೆ 55ರಿಂದ 64. ಅಳೆಯಲು ಬಾವಲಿ ಹಿಡಿಯಬೇಕು, ಹಿಡಿಯಲು ಪರವಾನಗಿ ಬೇಕು. ಅದು ಸಿಗುವವರೆಗೆ ಏನು ಮಾಡುವುದು? ಕೇಳುವುದು.

4. ಕಿವಿಗೆ ಕೇಳದ್ದನ್ನು ರೆಕಾರ್ಡ್ ಮಾಡಿ

ಇಡೀ ಆಟ ಇರುವುದು ಇಲ್ಲಿ. ಗಮನ ಕೊಡಿ.

ಮನುಷ್ಯನ ಕಿವಿಯ ಮಿತಿ 20 ಕಿಲೋಹರ್ಟ್ಜ್. ಲಾಳಮೂಗಿನ ಬಾವಲಿ ಮೂಗಿನ ಹೊಳ್ಳೆಯಿಂದ ಹೊರಡಿಸುವ ಕೂಗು ಅದಕ್ಕಿಂತ ಎಷ್ಟೋ ಮೇಲೆ. ಬೆಡ್ಡೋಮಿಯದು 40ರ ಆಸುಪಾಸು, ರೂಕ್ಸಿಯದು 80ರ ಆಸುಪಾಸು, ಇಂಡೋರೂಕ್ಸಿಯದು 90ರ ಮೇಲೆ, ಲೆಪಿಡಸ್‌ನದು 100ರ ಸುತ್ತಮುತ್ತ. ರೆಕಾರ್ಡಾದ ಕೂಗನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ತೆರೆದು ನೋಡಿದರೆ ಎರಡು ಮೋಟು ಕಂಬದ ಮೇಲೆ ಉದ್ದನೆಯ ತೊಲೆ ಇಟ್ಟ ಹಾಗೆ ಕಾಣುತ್ತದೆ: ತುಸು ಏರು, ಆಮೇಲೆ ಉದ್ದಕ್ಕೂ ಒಂದೇ ಮಟ್ಟ, ಕೊನೆಗೆ ಇಳಿತ. ಆ ತೊಲೆಯ ಎತ್ತರವೇ ನಿಮಗೆ ಬೇಕಾದ ನಂಬರ್. ಎಲೆಮೂಗಿನದಕ್ಕೂ ತೊಲೆಯುಂಟು, ಆದರೆ ಅದು ಗಿಡ್ಡ.

ರೆಕಾರ್ಡರ್ ಬೆಂಕಿಪೊಟ್ಟಣದಷ್ಟು ಚಿಕ್ಕದಾದರೂ ನಡೆಯುತ್ತದೆ. ಆಡಿಯೋಮಾತ್ ಎಂಬುದು ಹಾಗೇ ಇದೆ, ಮೂರು ಪೆನ್ಸಿಲ್ ಬ್ಯಾಟರಿಯಲ್ಲಿ ಓಡುತ್ತದೆ. ಸೆಟ್ಟಿಂಗ್ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸ್ಯಾಂಪಲ್ ರೇಟ್ 384 ಕಿಲೋಹರ್ಟ್ಜ್ ಇರಲಿ. ನಿಯಮ ಸರಳ: ಸ್ಯಾಂಪಲ್ ರೇಟಿನ ಅರ್ಧದವರೆಗಿನ ಶಬ್ದ ಮಾತ್ರ ನೆಟ್ಟಗೆ ದಾಖಲಾಗುತ್ತದೆ. ನಾನು ಮೊದಲ ಸಲ ಗವಿಯ ಬಾಯಲ್ಲಿ ಕೂತ ರಾತ್ರಿ ರೆಕಾರ್ಡರ್ 48ರಲ್ಲೇ ಇತ್ತು. ಬೆಳಿಗ್ಗೆ ಕೇಳಿದರೆ ಜೀರುಂಡೆ, ದೂರದ ಊರ ನಾಯಿ, ನನ್ನದೇ ಕೆಮ್ಮು. ತಲೆಯ ಮೇಲೆ ಹಾರಿಹೋದ ಗುಂಪಿನಲ್ಲಿ ಒಂದರ ದನಿಯೂ ಇರಲಿಲ್ಲ.

ಆ ಸೋಲಾದರೂ ವಾಸಿ, ಸೋತದ್ದು ಗೊತ್ತಾಯಿತು. 192ರಲ್ಲಿ ಇಟ್ಟರೆ ಇನ್ನೂ ಅಪಾಯ. ಆಗ ಮಿತಿ 96. ಲೆಪಿಡಸ್ 105ರಲ್ಲಿ ಕೂಗಿತು ಎನ್ನಿ. ಸೋಸುವ ಫಿಲ್ಟರ್ ಬಿಗಿಯಾಗಿಲ್ಲದಿದ್ದರೆ ಆ ಶಬ್ದ ಮಡಚಿಕೊಂಡು 87ರಲ್ಲಿ ಕೂರುತ್ತದೆ. ನೀವು ಅದನ್ನು ರೂಕ್ಸಿಯ ನೆಂಟ ಎಂದು ಬರೆದುಬಿಡುತ್ತೀರಿ. ಸುಳ್ಳು ಹೇಳಿದ್ದು ಯಂತ್ರ, ಮಾನ ಹೋಗುವುದು ನಿಮ್ಮದು.

ಇನ್ನೊಂದು ಗುಂಡಿ. ಈ ಬಾವಲಿಗಳ ಕೂಗಿನಲ್ಲಿ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಎರಡರಷ್ಟಿನದು, ಬಲವಾದದ್ದು, ಮೊದಲನೆಯದು ಅದರ ಅರ್ಧಕ್ಕೆ ತೆಳ್ಳಗೆ ಕಾಣುತ್ತದೆ. ರೂಕ್ಸಿ 80ರಲ್ಲಿ ಕೂಗಿದರೆ 40ರಲ್ಲೂ ಮಸುಕು ಗೆರೆ ಬರಬಹುದು. ಆ 40 ನೋಡಿ ಬೆಡ್ಡೋಮಿ ಸಿಕ್ಕಿತು ಎಂದು ಕುಣಿಯಬೇಡಿ. ಯಾವ ಗೆರೆ ದಟ್ಟವಾಗಿದೆ ನೋಡಿ. ದಟ್ಟ ಗೆರೆಯದೇ ಲೆಕ್ಕ.

ಕಾರ್ಡಿನ ಲೆಕ್ಕವೂ ಇಟ್ಟುಕೊಳ್ಳಿ. 384ರಲ್ಲಿ ನಿಮಿಷಕ್ಕೆ ಸುಮಾರು 46 ಎಂಬಿ. 32 ಜಿಬಿ ಕಾರ್ಡ್ ಹನ್ನೊಂದು ಚಿಲ್ಲರೆ ಗಂಟೆಗೆ ಭರ್ತಿ.

5. ಹೆಸರಿಗಿಂತ ಮೊದಲು ನಂಬರ್ ಬರೆಯಿರಿ

ದಕ್ಷಿಣ ಭಾರತದ ಬಾವಲಿಶಾಸ್ತ್ರಕ್ಕೆ ಹೊಸ ಹೆಸರೊಂದು ಬಂದದ್ದು ಹೀಗೇ. ರೂಕ್ಸಿ ಎಂದೇ ಕರೆಯುತ್ತಿದ್ದ ಬಾವಲಿಗಳಲ್ಲಿ ಕೆಲವು 80ರ ಸುತ್ತ, ಕೆಲವು 90ರ ಮೇಲೆ ಕೂಗುತ್ತಿದ್ದವು. ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಮದುರೆ ಕಾಮರಾಜ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸಂಶೋಧಕರು, ಉಮಾ ರಾಮಕೃಷ್ಣನ್ ಅವರೂ ಆ ತಂಡದಲ್ಲಿದ್ದರು, ಕೂಗಿನ ಜೊತೆ ಡಿಎನ್‌ಎಯನ್ನೂ ಪರೀಕ್ಷಿಸಿದರು. ಅವು ಎರಡು ಬೇರೆ ಬೇರೆ ಪ್ರಭೇದಗಳು ಎಂದು ತೋರಿತು. ಹೊಸದಕ್ಕೆ ಇಂಡೋರೂಕ್ಸಿ ಎಂಬ ಹೆಸರಾಯಿತು. ಹಳೆಯ ಪಟ್ಟಿಗಳಲ್ಲಿ ಬರೀ 'ರೂಕ್ಸಿ' ಎಂದು ಬರೆದ ಎಷ್ಟೋ ಸಾಲುಗಳು ಆ ದಿನವೇ ಅರೆಬರೆಯಾದವು. 'ರೂಕ್ಸಿಯಂತಿದೆ, 83 ಕಿಲೋಹರ್ಟ್ಜ್' ಎಂದು ಬರೆದವರ ಸಾಲು ಮಾತ್ರ ಇಂದಿಗೂ ಚಲಾವಣೆಯಲ್ಲಿರುವ ನೋಟು.

ಹಾಗಾಗಿ ಅನುಮಾನ ಬಂದರೆ ಕೊರಗಬೇಡಿ, ಅಳೆಯಿರಿ. ಅಳೆದರೂ ತೀರದಿದ್ದರೆ 'ರೈನೋಲೋಫಸ್, ಪ್ರಭೇದ ಗೊತ್ತಾಗಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಇದು ಸೋಲಲ್ಲ. ಸುಮ್ಮನೆ ಅಂದಾಜಿಗೆ ಹೆಸರು ಬರೆದವರ ಪುಸ್ತಕವನ್ನು ತಜ್ಞರು ಎರಡನೇ ಪುಟದಲ್ಲಿ ಮುಚ್ಚುತ್ತಾರೆ.

ನಂಬರ್ ಎಲ್ಲಿಂದ ತೆಗೆಯಬೇಕು? ಜೋತುಬಿದ್ದ ಬಾವಲಿಯಿಂದ. ಹಾರುವಾಗ ಇವು ತಮ್ಮ ಕೂಗನ್ನು ಒಂದೆರಡು ಕಿಲೋಹರ್ಟ್ಜ್ ಕೆಳಕ್ಕೆ ಇಳಿಸುತ್ತವೆ. ಮುಂದಕ್ಕೆ ಹಾರುವ ವೇಗಕ್ಕೆ ಪ್ರತಿಧ್ವನಿ ಏರಿ ಬರುತ್ತದಲ್ಲ, ಅದು ತನ್ನ ಕಿವಿ ಚುರುಕಾಗಿರುವ ಮಟ್ಟದಲ್ಲೇ ಬಂದು ಬೀಳಲಿ ಎಂಬ ಉಪಾಯ. ನಮ್ಮ ಪಿಯುಸಿ ಫಿಸಿಕ್ಸಿನ ಡಾಪ್ಲರ್ ಪರಿಣಾಮವನ್ನು ಅಂಗೈಯಲ್ಲಿ ಹಿಡಿಯುವಷ್ಟಿರುವ ಪ್ರಾಣಿ ರಾತ್ರಿಯಿಡೀ ಲೆಕ್ಕ ಹಾಕುತ್ತಿದೆ. ಹಾರುವಾಗಿನದು, ಕುಳಿತಾಗಿನದು ಎಂದು ಬೇರೆ ಬೇರೆ ಕಾಲಂ ಮಾಡಿ.

6. ಬೆಟ್ಟ ಓದಿ

ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ಮೀರುವ ಮಳೆ. ಚನ್ನರಾಯಪಟ್ಟಣ ತಲುಪುವಷ್ಟರಲ್ಲಿ ಅದು ಸುಮಾರು ಮೂರನೇ ಒಂದಕ್ಕೆ ಇಳಿದಿರುತ್ತದೆ. ಒಂದೇ ಜಿಲ್ಲೆಯಲ್ಲಿ ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಸಿಗುವ ಅನುಕೂಲ ಎಲ್ಲರಿಗೂ ಇಲ್ಲ. ರೂಕ್ಸಿ ಒದ್ದೆ ಕಾಡನ್ನು ಬಯಸುವಂಥದ್ದು. ಹಾಗಾದರೆ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಅದು ಎಲ್ಲಿ ನಿಲ್ಲುತ್ತದೆ, ಎಲೆಮೂಗಿನವು ಎಲ್ಲಿ ಹೆಚ್ಚುತ್ತವೆ? ಒಳ್ಳೆಯ ಪ್ರಾಜೆಕ್ಟ್ ಎಂದರೆ ಇದು. ಅರಕಲಗೂಡಿನ ಕಾಡಂಚಿನಲ್ಲಿ ಒಂದು ಗವಿ, ಹಾಸನದ ಸುತ್ತ ಒಂದು, ಹೊಳೆನರಸೀಪುರದ ಕಡೆ ಒಂದು, ಚನ್ನರಾಯಪಟ್ಟಣದ ಬೋರೆಗಳಲ್ಲಿ ಒಂದು. ನಾಲ್ಕೇ ಸಾಕು.

ನಮ್ಮ ಗವಿಗಳೆಂದರೆ ಸಿನಿಮಾದಲ್ಲಿ ತೋರಿಸುವ ಸುಣ್ಣಕಲ್ಲಿನ ಸುರಂಗಗಳಲ್ಲ. ಹೆಬ್ಬಂಡೆಯ ಮೇಲೆ ಹೆಬ್ಬಂಡೆ ಕೂತು ನಡುವೆ ಉಳಿದ ಸಂದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಗವಿಯನ್ನೋ, ಮಾವಿನಕೆರೆ ಬೆಟ್ಟದ ರಂಗನಾಥನ ಗವಿಯನ್ನೋ ನೋಡಿದವರಿಗೆ ಕಲ್ಲಿನ ಸ್ವಭಾವ ಗೊತ್ತು. ಅಲ್ಲಿ ಕೈಮುಗಿದು ಬನ್ನಿ. ಭಕ್ತರ ಗದ್ದಲವಿಲ್ಲದ, ಕತ್ತಲು ತುಂಬಿದ ಸಂದುಗಳನ್ನು ಬೇರೆ ಕಡೆ ಹುಡುಕಿ.

ಹುಡುಕಲು ಗೂಗಲ್ ಮ್ಯಾಪ್ ಬೇಡ, ಕುರಿ ಮೇಯಿಸುವವರನ್ನು ಕೇಳಿ. 'ತಾತ, ಬೆಟ್ಟದ ಗವಿಲಿ ಬಾವಲಿ ಅವ್ವಾ?' ಎಂದರೆ 'ಅವೆ ಕಣಪ್ಪ, ಬೇಕಾದಷ್ಟವೆ' ಎಂಬ ಉತ್ತರ ಬಂದೇ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಮುಂದಿನ ಪ್ರಶ್ನೆ ಕೇಳಿ: 'ಗೋಡೆಗೆ ಅಂಟ್ಕೊಂಡಿರ್ತವಾ, ಚಾವಣಿಯಿಂದ ಜೋತಾಡ್ತವಾ? ನಾಯಿ ಮೂತಿನಾ, ಚಪ್ಪಟೆ ಮೂಗಾ?' ನಾಯಿ ಮೂತಿ, ದೊಡ್ಡ ಕಣ್ಣು ಎಂದರೆ ಹಣ್ಣು ತಿನ್ನುವ ಬಾವಲಿ. ಗೋಡೆಗೆ ಒತ್ತಿಕೊಂಡವು ಬೇರೆ ಜಾತಿ. ಒಂದೊಂದೇ ಕಾಲೂರಿ ಬಿಡಿಬಿಡಿಯಾಗಿ ಜೋತಾಡುತ್ತವೆ ಎಂದರೆ ಮರುದಿನವೇ ಅರ್ಜಿ ಬರೆಯಿರಿ.

7. ಅರ್ಜಿ ಮೊದಲು, ಟಾರ್ಚ್ ಆಮೇಲೆ

ಮೀಸಲು ಅರಣ್ಯಕ್ಕೆ ಕಾಲಿಡುವ ಮುನ್ನ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾವಲಿ ಹಿಡಿಯುವ ಮಾತಿದ್ದರೆ ಬೆಂಗಳೂರಿನ ಅರಣ್ಯ ಭವನದಿಂದ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಪುರಾತತ್ವ ಇಲಾಖೆಯ ಸ್ಮಾರಕವಾದರೆ ಅವರದ್ದು ಬೇರೆ. ಕಾಗದಪತ್ರ ಓಡಾಟ ಬೇಸರದ್ದು, ಹೌದು. ಪರವಾನಗಿ ನಂಬರಿಲ್ಲದ ಡೇಟಾವನ್ನು ಒಳ್ಳೆಯ ಜರ್ನಲ್ ಮುಟ್ಟುವುದಿಲ್ಲ ಎಂಬುದೂ ಅಷ್ಟೇ ಹೌದು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಸುರಂಗಗಳ ಆಸೆ ಬಿಡಿ. ಹಳಿ ಮೇಲೆ ನಡೆಯುವುದೇ ಅಪರಾಧ. ನುಗ್ಗೇಹಳ್ಳಿ ಸೀಮೆಯಲ್ಲಿ ಕ್ರೋಮೈಟ್ ತೆಗೆದ ಹಳೆಯ ಗಣಿ ಬಾಯಿಗಳೊಳಗೂ ಇಳಿಯಬೇಡಿ. ಒಳಗೆ ಗಾಳಿ ಕೆಟ್ಟಿರುತ್ತದೆ, ಮೇಲೆ ಕಲ್ಲು ಸಡಿಲ.

8. ಮೈ ಉಳಿಸಿಕೊಳ್ಳಿ

ಗವಿಯೊಳಗೆ ಎನ್-95 ಮಾಸ್ಕ್ ತೆಗೆಯಬೇಡಿ. ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಶಿಲೀಂಧ್ರ ಇರಬಹುದು. ಬರಿಗೈಯಲ್ಲಿ ಬಾವಲಿ ಮುಟ್ಟಬೇಡಿ, ನೆಲಕ್ಕೆ ಬಿದ್ದದ್ದನ್ನಂತೂ ಮುಟ್ಟಲೇಬೇಡಿ. ಕಚ್ಚಿದರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆ ಕೇಳಿ. ಉಣ್ಣೆ ಹತ್ತದಂತೆ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ; ಮಂಗನ ಕಾಯಿಲೆಯ ವೈರಸ್ಸನ್ನು ಹಿಂದೆ ಇದೇ ರೂಕ್ಸಿ ಬಾವಲಿಯಿಂದಲೂ ಬೇರ್ಪಡಿಸಿದ್ದುಂಟು, ಆದರೆ ಜನಕ್ಕೆ ಹಬ್ಬಿಸುವುದು ಉಣ್ಣೆ. ಇಷ್ಟು ಜಾಗ್ರತೆ ಸಾಕು, ಹೆದರಿಕೆ ಬೇಡ.

ಬಾವಲಿಗಿಂತ ದೊಡ್ಡ ಅಪಾಯಗಳು ಗವಿಯ ಹೊರಗಿವೆ. ಬಂಡೆಯ ಅಡಿಯ ಹೆಜ್ಜೇನು. ಸಂದಿನಲ್ಲಿ ಮಲಗಿದ ಚಿರತೆ. ಆಲೂರು, ಸಕಲೇಶಪುರ, ಅರಕಲಗೂಡಿನ ಅಂಚುಗಳಲ್ಲಿ ಆನೆ. ಒಬ್ಬರೇ ಹೋಗಬೇಡಿ, ಇಲಾಖೆಯ ವಾಚರ್ ಜೊತೆಗಿರಲಿ. ಸೆಂಟು ಹಾಕಿಕೊಂಡು ಹೆಜ್ಜೇನಿನ ಕೆಳಗೆ ನಿಲ್ಲುವ ಶೋಕಿಯೂ ಬೇಡ.

9. ಒಳಗೆ ನುಗ್ಗಬೇಡಿ, ಬಾಯಲ್ಲಿ ಎಣಿಸಿ

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಗವಿಯ ಬಾಯಿಂದ ಸ್ವಲ್ಪ ಪಕ್ಕಕ್ಕೆ ಕೂತುಬಿಡಿ. ಆಕಾಶಕ್ಕೆ ಮುಖ ಮಾಡಿ ಕೂತರೆ ಹೊರಬರುವ ನೆರಳುಗಳು ಎದ್ದು ಕಾಣುತ್ತವೆ. ಕೈಯಲ್ಲಿ ಕ್ಲಿಕ್ ಮಾಡುವ ಕೌಂಟರ್ ಇರಲಿ. ಹೊರಬಂದದ್ದಕ್ಕೆ ಒಂದು, ತಿರುಗಿ ಒಳಹೋದದ್ದಕ್ಕೆ ಬೇರೆ ಒಂದು, ಕೊನೆಗೆ ಕಳೆಯಿರಿ. ರೆಕಾರ್ಡರ್ ಬಾಯಿಗೆ ಹತ್ತಿರವೇ ಇರಬೇಕು. 100 ಕಿಲೋಹರ್ಟ್ಜ್ ಶಬ್ದ ಗಾಳಿಯಲ್ಲಿ ಬೇಗ ಸಾಯುತ್ತದೆ, ಕೆಲವೇ ಮೀಟರ್ ಆಚೆಗೆ ಸಿಗದೆಯೂ ಹೋದೀತು.

ಬೇಸಿಗೆಯ ಕೊನೆಯಿಂದ ಮುಂಗಾರು ಬೀಳುವವರೆಗೆ ತಾಯಂದಿರು ಎದೆಗೆ ಒಂದೊಂದೇ ಮರಿ ಅವುಚಿಕೊಂಡಿರುವ ಕಾಲ. ಆಗ ಗವಿಯೊಳಗೆ ಕಾಲಿಡಲೇಬೇಡಿ. ಗಾಬರಿಗೆ ಜಾರಿದ ಮರಿ ನೆಲದಿಂದ ಮೇಲೇಳುವುದಿಲ್ಲ. ಉಳಿದ ತಿಂಗಳಲ್ಲೂ ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ಹತ್ತು ನಿಮಿಷಕ್ಕೆ ಹೊರಬನ್ನಿ. ಫೋಟೊ ಫ್ಲಾಶ್ ಒಂದೆರಡಕ್ಕೆ ಮುಗಿಯಲಿ.

10. ಚೀಟಿ ಬರೆಯುವುದರಲ್ಲಿ ಗುಮಾಸ್ತರಾಗಿ

ಬೆಳಗಾವಿ ಗಡಿಯ ಬಾರಾಪೆಡೆ ಗವಿಗಳಲ್ಲಿ ಸಿಕ್ಕ ರಾಟನ್ ಬಾವಲಿಯನ್ನು ಲಂಡನ್ನಿನ ಆಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸದೆಂದು ವರ್ಣಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯ ಕಾಲದ ಮಾತು. ಸಿಕ್ಕ ಜಾಗದ ಹೆಸರು ಚೀಟಿಯಲ್ಲಿ ಸ್ಪಷ್ಟವಾಗಿತ್ತು, ಆದ್ದರಿಂದಲೇ ನೂರು ವರ್ಷ ಕಳೆದರೂ ಜನ ನೇರ ಆ ಗವಿಗೇ ಹೋಗಿ ನೋಡುತ್ತಾರೆ. ಆ ಕಾಡು 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು; ಅದರ ಮಾತು ಬಂದಾಗಲೆಲ್ಲ ಈ ಬಾವಲಿಯ ಹೆಸರೂ ಬರುತ್ತದೆ.

ನಿಮ್ಮ ಸಾಲಿನಲ್ಲಿ ಇಷ್ಟು ಇರಲಿ: ತಾರೀಖು, ಗಂಟೆ, ಜಿಪಿಎಸ್, ಎತ್ತರ, ಗವಿಯೊಳಗಿನ ಉಷ್ಣಾಂಶ ಮತ್ತು ತೇವ, ಎಣಿಕೆ, ಕೂಗಿನ ನಂಬರ್, ಕುಳಿತಾಗಿನದೋ ಹಾರುವಾಗಿನದೋ, ರೆಕಾರ್ಡರಿನ ಹೆಸರು ಮತ್ತು ಸ್ಯಾಂಪಲ್ ರೇಟ್, ಫೋಟೊ ನಂಬರ್, ನೋಡಿದವರು ಯಾರು. ಬಾವಲಿ ಸಿಗದ ಗವಿಗೂ ಒಂದು ಸಾಲು ಬರೆಯಿರಿ. 'ಇಲ್ಲ' ಎಂಬುದೂ ಡೇಟಾ. ಮೂಲ ಶಬ್ದದ ಫೈಲ್ ಎರಡು ಕಡೆ ಉಳಿಸಿ, ಎಂಪಿ3 ಮಾಡಿದರೆ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ.

11. ಗವಿಯ ವಿಳಾಸ ಗುಟ್ಟು, ಗವಿಯ ಮಹತ್ವ ಬಹಿರಂಗ

ವಾಟ್ಸಾಪ್ ಸ್ಟೇಟಸ್ಸಿಗೆ ಲೊಕೇಶನ್ ಹಾಕಬೇಡಿ. ರೀಲ್ಸ್ ಮಾಡುವವರು ಬಂದು ಬೆಂಕಿ ಹಾಕಿ ಹೊಗೆ ಎಬ್ಬಿಸಿದರೆ ಒಂದೇ ಸಂಜೆಗೆ ಗವಿ ಖಾಲಿ. ಪೂರ್ತಿ ಜಿಪಿಎಸ್ ಅರಣ್ಯ ಇಲಾಖೆಗೆ ಮತ್ತು ತಜ್ಞರಿಗೆ. ಸಾರ್ವಜನಿಕ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರು ಸಾಕು. ಶಬ್ದಗಳನ್ನು ಹೋಲಿಸಿ ನೋಡಲು ಕೈರೋವಾಕ್ಸ್ ಎಂಬ ತೆರೆದ ಶಬ್ದಭಂಡಾರ ಇದೆ. ಪ್ರಭೇದ ಬಿಡಿಸಲು ಹೈದರಾಬಾದಿನ ಶ್ರೀನಿವಾಸುಲು ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ದಕ್ಷಿಣ ಏಷ್ಯಾದ ಬಾವಲಿಗಳ ಕೀಲಿ ಪುಕ್ಕಟೆ ಸಿಗುತ್ತದೆ. ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ.

ಗವಿಯ ಮಹತ್ವವನ್ನು ಯಾಕೆ ಬಹಿರಂಗ ಮಾಡಬೇಕು ಎಂದರೆ ಕೋಲಾರ ನೋಡಿ. ಹನುಮನಹಳ್ಳಿಯ ಬಂಡೆಗವಿಯಲ್ಲಿರುವ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಕಾಕ್ ಮತ್ತು ಭಟ್ ಹೊಸ ಪ್ರಭೇದವೆಂದು ದಾಖಲಿಸಿದರು. ಆಮೇಲೆ ಹುಡುಕಿದವರಿಗೆ ಅದು ಉಳಿದಿರುವುದು ಆ ಊರಲ್ಲಿ ಮಾತ್ರ ಎಂದು ಗೊತ್ತಾಯಿತು, ಅದೂ ಇನ್ನೂರರ ಒಳಗೆ. ಸುತ್ತ ಗ್ರಾನೈಟ್ ಕ್ವಾರಿ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಮತ್ತು ಅರಣ್ಯ ಇಲಾಖೆ ಸೇರಿ ಗವಿಯ ಸುತ್ತಲಿನ ಜಾಗವನ್ನು ರಕ್ಷಣೆಗೆ ತಂದವು. ಕ್ವಾರಿಯವರ ಎದುರು ಮೇಜಿನ ಮೇಲೆ ಇಡಲು ಅಲ್ಲಿ ಹೆಸರು, ಎಣಿಕೆ, ತಾರೀಖು ಇದ್ದವು. ನಮ್ಮ ನಾಲ್ಕು ತಾಲ್ಲೂಕುಗಳಲ್ಲೂ ಬಂಡೆ ಇದೆ, ಬಂಡೆ ಒಡೆಯುವವರೂ ಇದ್ದಾರೆ.

12. ಅದೇ ಗವಿಗೆ ಮತ್ತೆ ಹೋಗಿ

ಹತ್ತು ಗವಿಗೆ ಒಂದೊಂದು ಸಲ ಹೋದವರಿಗಿಂತ ಒಂದು ಗವಿಗೆ ವರ್ಷದಲ್ಲಿ ನಾಲ್ಕು ಸಲ ಹೋದವರ ಮಾತು ತೂಕದ್ದು. ಬಾವಲಿಗಳು ಕಾಲಕ್ಕೆ ತಕ್ಕಂತೆ ಗವಿ ಬದಲಿಸುತ್ತವೆ. ಜನವರಿಯಲ್ಲಿ ತುಂಬಿದ್ದ ಚಾವಣಿ ಆಗಸ್ಟಿನಲ್ಲಿ ಬರಿದಾಗಿರಬಹುದು. ಬ್ಯಾಟರಿ ಈಗಲೇ ಚಾರ್ಜಿಗೆ ಹಾಕಿ. ನೋಟ್‌ಬುಕ್ಕಿನ ಮೊದಲ ಸಾಲಿಗೆ ಈ ಭಾನುವಾರದ ತಾರೀಖು ಬರೆಯಿರಿ, ಎರಡನೇ ಸಾಲಿಗೆ ಮೂರು ತಿಂಗಳಾಚೆಯ ಒಂದು ಭಾನುವಾರದ್ದು. ಅದು ಮರಿಗಳ ಕಾಲವಾದರೆ ಪಕ್ಕದಲ್ಲಿ 'ಬಾಯಲ್ಲಿ ಮಾತ್ರ' ಎಂದು ಗುರುತು ಹಾಕಿ.